ತಾಗಿದ ಕಲ್ಲು

ಪಂದ್ಯದ ಕೊನೆಯ ಕಲ್ಲು ವೃತ್ತದೊಳಗೆ ಜಾರಿ ಬರುತ್ತಿತ್ತು. ಅದರ ಮುಂದೆ ಮಂಜುಗಡ್ಡೆ ಉಜ್ಜುತ್ತ ಓಡುತ್ತಿದ್ದ ಥೆರೆಸಳ ಬ್ರಷ್ಷು ಕಲ್ಲಿನ ಅಂಚನ್ನು ಸವರಿತು. ಕಲ್ಲಿನ ವೇಗ ತುಸು ತಗ್ಗಿ, ಅದು ಎದುರಾಳಿಗಳ ಕಲ್ಲಿಗಿಂತ ನಡುಬಿಂದುವಿಗೆ ಹತ್ತಿರವಾಗಿ ನಿಂತಿತು. ಕರ್ಲಿಂಗ್ ಆಟದಲ್ಲಿ ನಡುಬಿಂದುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೇ ಅಂಕ. ಬೆರ್ನ್ ನಗರದಲ್ಲಿ ಪ್ರತಿ ಜನವರಿಯಲ್ಲಿ ನಡೆಯುವ ಮಹಿಳೆಯರ ಅಂತರರಾಷ್ಟ್ರೀಯ ಕರ್ಲಿಂಗ್ ಪಂದ್ಯಾವಳಿಯಲ್ಲಿ ಥೆರೆಸಳ ಥೂನ್ ಊರಿನ ತಂಡ ಮೊದಲ ಸಲ ಸೆಮಿಫೈನಲ್ ಮುಟ್ಟಿತೆಂದು ಗಾಜಿನ ಹಿಂದೆ ಕೂತವರೆಲ್ಲ ಎದ್ದು ಕುಣಿದರು. ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದ ತಂಡದ ನಾಯಕಿ ಉರ್ಸಿನಾ ಸಂತೋಷಕ್ಕೆ ಕಿರುಚಿಕೊಂಡಳು.

ಥೆರೆಸ್ ಕೈ ಎತ್ತಿದಳು. "ತಾಗಿತು. ನನ್ನ ಬ್ರಷ್ಷು."

"ನಿಜವಾಗ್ಲೂನಾ? ನನಗೇನೂ ಕಾಣಿಸ್ಲಿಲ್ವಲ್ಲ!" ಉರ್ಸಿನಾಳ ಮುಖ ಸಣ್ಣದಾಯಿತು.

"ಕಾಣೋದೇನು ಬಂತು, ಕೈಗೆ ಗೊತ್ತಾಯ್ತು ಕಣೇ."

ಇಂಥ ತಪ್ಪಿಗೆ ತೀರ್ಪು ಕೊಡುವವಳು ಎದುರಾಳಿ ತಂಡದ ನಾಯಕಿ. ಅವಳು ಕಲ್ಲನ್ನು ತೆಗೆಸಬಹುದು, ಇದ್ದಲ್ಲೇ ಬಿಡಬಹುದು, ತಾಗದಿದ್ದರೆ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಗೆ ಸರಿಸಬಹುದು. ಆ ನಾಯಕಿ ರೆಗುಲಾ, ಥೆರೆಸಳ ಒಡಹುಟ್ಟಿದ ಅಕ್ಕ. ಇಬ್ಬರಿಗೂ ಮಾತು ಬಿಟ್ಟು ಮೂರು ಚಳಿಗಾಲಗಳಾಗಿದ್ದವು.

ಮೊದಲು ಒಂದೇ ತಂಡದಲ್ಲಿ ಆಡುತ್ತಿದ್ದವರು. ಎದೆಯ ಗಡ್ಡೆಯ ಆಪರೇಷನ್ ಆಗಿ ಥೆರೆಸ್ ಆಸ್ಪತ್ರೆಯಲ್ಲಿದ್ದಾಗ, ರೆಗುಲಾ ಅವಳ ಜಾಗಕ್ಕೆ ಬೇರೊಬ್ಬಳನ್ನು ಹಾಕಿಕೊಂಡಿದ್ದಳು. "ನಿನ್ನ ಒಳ್ಳೇದಕ್ಕೇ ಮಾಡಿದ್ದು. ಸುಮ್ನೆ ರೆಸ್ಟ್ ತಗೋ," ಎಂದಿದ್ದಳು. "ನನ್ನನ್ನ ಒಂದು ಮಾತು ಕೇಳಿದ್ಯಾ?" ಎಂದು ಫೋನಿಟ್ಟ ಥೆರೆಸ್ ಆಮೇಲೆ ಅಕ್ಕನ ಕರೆ ಎತ್ತಿರಲಿಲ್ಲ. ತಲೆಗೂದಲು ಮತ್ತೆ ಬೆಳೆದ ಮೇಲೆ ಥೂನ್‌ನ ಹುಡುಗಿಯರ ಜೊತೆ ಸೇರಿಕೊಂಡಿದ್ದಳು.

ರೆಗುಲಾ ಕಲ್ಲಿನ ಬಳಿ ಬಂದು ಬಗ್ಗಿ ನೋಡಿದಳು. "ತೆಗೆಸ್ಬಿಡು, ಗೆದ್ವಿ," ಎಂದಳು ಅವಳ ತಂಡದವಳೊಬ್ಬಳು. ರೆಗುಲಾ ಬೇಡವೆಂದು ಕೈ ಆಡಿಸಿದಳು. ನೆಟ್ಟಗೆ ನಿಂತು ತಂಗಿಯ ಕಡೆ ತಿರುಗಿದಳು.

"ಥೆರೆಸ್, ನೀನೇ ಹೇಳು. ತಾಗದೇ ಇದ್ದಿದ್ರೆ ಎಲ್ಲಿ ನಿಲ್ತಿತ್ತು?"

"ನನ್ನನ್ನ ಕೇಳ್ತಿದ್ದೀಯಾ?"

"ಇನ್ಯಾರನ್ನ ಕೇಳ್ಲಿ?"

ಥೆರೆಸ್ ಕಲ್ಲು ಬಂದ ದಾರಿಯನ್ನು ಕಣ್ಣಲ್ಲೇ ಅಳೆದಳು. ಆಮೇಲೆ ನಡುಬಿಂದುವಿನ ಆಚೆ, ಒಂದು ಗೇಣು ದೂರದಲ್ಲಿ ಬ್ರಷ್ಷನ್ನು ಊರಿದಳು. "ಇಲ್ಲಿ. ನಿಮ್ಮ ಕಲ್ಲೇ ಹತ್ತಿರ."

ರೆಗುಲಾ ಕಲ್ಲನ್ನು ಅಲ್ಲಿಗೇ ಸರಿಸಿದಳು. ಅವಳ ತಂಡ ಗೆದ್ದಿತು. ಉರ್ಸಿನಾ ಮೂಗು ಒರೆಸಿಕೊಳ್ಳುತ್ತಲೇ ಎಲ್ಲರ ಕೈ ಕುಲುಕಿದಳು.

ಗೆದ್ದವರು ಸೋತವರಿಗೆ ಕುಡಿಯಲು ಕೊಡಿಸುವುದು ಆಟದ ಪದ್ಧತಿ. ಮಹಡಿಯ ಹೋಟೆಲಿನಲ್ಲಿ ಅಕ್ಕತಂಗಿ ಎದುರುಬದುರು ಕೂತರು. ರೆಗುಲಾ ಇಬ್ಬರಿಗೂ ಬಿಯರು ತರಿಸಿದಳು.

"ಮೆಟ್ಟಿಲು ಹತ್ತುವಾಗ ನೀನು ಕುಂಟ್ತಿದ್ದೆ," ಥೆರೆಸ್ ಕೊನೆಗೂ ಶುರುಮಾಡಿದಳು.

"ಮಂಡಿ ಸವೆದಿದೆ. ಮಾರ್ಚ್‌ನಲ್ಲಿ ಆಪರೇಷನ್." ರೆಗುಲಾ ದನಿ ತಗ್ಗಿಸಿದಳು. "ಹೆದರಿಕೆ ಆಗುತ್ತೆ ಕಣೇ."

"ಆಗುತ್ತೆ. ನನಗೂ ಆಗಿತ್ತು."

ಥೆರೆಸ್ ತನ್ನ ಲೋಟವನ್ನು ಬದಿಗೆ ಸರಿಸಿದಳು.

"ಮಾರ್ಚ್ ಪಂದ್ಯಗಳಿಗೆ ನಿನ್ನ ಜಾಗಕ್ಕೆ ಯಾರು?"

"ಇನ್ನೂ ಯಾರೂ ಸಿಕ್ಕಿಲ್ಲ."

"ನಮ್ಮ ಹುಡುಗೀರಿಗೆ ಫೆಬ್ರವರಿಗೇ ಆಟ ಮುಗಿಯುತ್ತೆ."

ರೆಗುಲಾ ತಟ್ಟನೆ ತಲೆಯೆತ್ತಿದಳು. "ಹಾಗಾದ್ರೆ ಮಾರ್ಚ್‌ಗೆ ನೀನು ಬಂ..."

ಥೆರೆಸ್ ಮೇಜಿನ ಮೇಲಿಂದ ಕೈ ಚಾಚಿ ಅವಳ ತೋಳು ಹಿಡಿದಳು.

"ಬಂದುಬಿಡು ಅನ್ಬೇಡ, ಅಕ್ಕಾ. ಬರ್ತೀಯಾ ಅಂತ ಕೇಳು."