ಬೆಲ್ಲದ ನೀರಿನ ಅಕ್ಷರ

ಒಣ ವಿಭೂತಿಯ ವಾಸನೆ ಬಂದರೆ ಈಗಲೂ ನನ್ನ ಮುಂಗೈಗೆ ಕಚಗುಳಿಯಾಗುತ್ತದೆ.

ಮಾನ್ವಿಯಲ್ಲಿ ನಾನು ಮತ್ತು ಪಕ್ಕದ ಮನೆಯ ಶಬಾನಾ ಕಸಬರಿಗೆಯ ಕಡ್ಡಿಯನ್ನು ಬೆಲ್ಲದ ನೀರಿನಲ್ಲಿ ಅದ್ದಿ, ಒಬ್ಬರ ಕೈಮೇಲೆ ಇನ್ನೊಬ್ಬರು ಗುಟ್ಟಿನ ಮಾತು ಬರೆಯುತ್ತಿದ್ದೆವು. ಒಣಗಿದರೆ ಏನೂ ಕಾಣುತ್ತಿರಲಿಲ್ಲ. ಬೂದಿ ತಿಕ್ಕಿದರೆ ಅಕ್ಷರ ಏಳುತ್ತಿದ್ದವು.

ರಂಜಾನ್ ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅವಳು ಬರೆದದ್ದನ್ನು ಓದಲು ಬೂದಿಗಾಗಿ ಒಲೆಯ ಕಡೆ ಹೊರಟಿದ್ದೆ. "ಬಾ ಯವ್ವಾ, ವಿಭೂತಿ ಹಚ್ಕೊಂಡು ಉಣ್ಣು," ಎಂದು ಅಜ್ಜಿ ಹಿಡಿದು ಕೂರಿಸಿದಳು. ಹಣೆಗೆ ಎಳೆದಳು, ಮುಂಗೈ ತುಂಬ ಸವರಿದಳು. ಅಕ್ಷರ ಬೆಳ್ಳಗೆ ಎದ್ದವು: 'ನಾಳಿ ನಮ್ಮನಿಗಿ ಸುರಕುಂಬಾ ತಿನ್ನಾಕ ಬಾ.' ಸುರಕುಂಬಾ ಅಂದರೆ ಅವರ ಹಬ್ಬದ ಶಾವಿಗೆ ಪಾಯಸ.

ಕಂಡವರ ಮನೆಯಲ್ಲಿ ತಿನ್ನಕೂಡದೆಂದು ಕಟ್ಟಪ್ಪಣೆ ಮಾಡಿದ್ದ ಅಪ್ಪ ಎದುರಿಗೇ ಉಣ್ಣುತ್ತಿದ್ದ. ಕೈ ಎಳೆದುಕೊಳ್ಳಲು ನೋಡಿದೆ. ಅಜ್ಜಿ ನಿಧಾನಕ್ಕೆ ಓದಿದಳು, ನನ್ನ ಕೈ ಮೂಸಿದಳು, ಆಮೇಲೆ ಸೆರಗಿನಿಂದ ಒರೆಸಿ, "ವಿಭೂತಿ ಭಾಳ ಆತು," ಎಂದಳು. ಅಪ್ಪ ತಲೆ ಎತ್ತಲಿಲ್ಲ.

ಮರುದಿನ ಮುಂಜಾನೆ, ಅಪ್ಪನ ಮುಂದೆಯೇ, ಅಜ್ಜಿ ತನ್ನ ಸುಕ್ಕುಗಟ್ಟಿದ ಕೈ ಚಾಚಿದಳು.

"ಇವತ್ತ ನೀನ ನನಗ ಹಚ್ಚವಾ."

ಬೆಲ್ಲದ ವಾಸನೆ ಬಂತು. ಸವರಿದೆ. ಸೊಟ್ಟ ಸೊಟ್ಟ ಅಕ್ಷರ ಎದ್ದವು: 'ನಾನೂ ಬರ್ತೀನಿ.'