ಹನ್ನೆರಡು ಅಡಿ ನೀರಿದ್ದ ದಿನ

ಕೆರೆಯ ನೀರಿನ ಅಳತೆ ಹೇಳಿದರೆ ಕೆರೆ ಕಚೇರಿಯ ಬಾಗಿಲು ಆ ಅಳತೆಯಿದ್ದ ದಿನಕ್ಕೆ ಒಯ್ಯುತ್ತಿತ್ತು. ಒಬ್ಬರಿಗೆ ಒಂದೇ ಸಲ, ಒಂದೇ ತಾಸು. ತೀರಿಹೋದ ಅವ್ವ ನೂಲಿಗೆ ಹಾಕುತ್ತಿದ್ದ ಕೆಂಪು ಬಣ್ಣದ ಪಾಕ ಊರಲ್ಲಿ ಯಾರಿಗೂ ಬಾರದು. ಅದನ್ನು ಕಲಿತೇ ಬರಬೇಕೆಂದು ಹುಲಿಗೆವ್ವ ಸರದಿಯಲ್ಲಿ ನಿಂತಿದ್ದಳು.

"ನನಗೆ ಏಳು ತುಂಬಿದ ವರ್ಷದ್ದು, ಹನ್ನೆರಡು ಅಡಿ," ಎಂದಳು ಮೆಲ್ಲಗೆ.

ಗುಮಾಸ್ತ ಆ ವರ್ಷದ ನೀರಿನ ಏರಿಳಿತದ ನಕ್ಷೆ ಬಿಡಿಸಿ ನಕ್ಕ. "ಹನ್ನೆರಡು ಎರಡು ಸಲ ಬರ್ತೈತಿ ತಂಗಿ, ಏರುವಾಗೊಮ್ಮೆ, ಇಳಿಯುವಾಗೊಮ್ಮೆ. ಬಾಗಿಲಿಗೆ ಒಂದೇ ದಿನ ಬೇಕು. ತಪ್ಪಿದರ ಬರೀ ಮೆಟ್ಟಿಲು ನೋಡಿ ಬರ್ತಿ. ಸಾಲಿ ಬಿಟ್ಟಾಕಿಗೆ ಇದೆಲ್ಲ ಎಲ್ಲಿ ತಿಳೀಬೇಕು?"

ಹುಲಿಗೆವ್ವ ಕದಲಲಿಲ್ಲ. ಅವಳಿಗೆ ನೆನಪಿತ್ತು: ಬಣ್ಣ ಕಾಸಿದ ಅಂದು ಅವ್ವ ನೀರಿಗಿಂತ ಒಂದೇ ಮೆಟ್ಟಿಲು ಮೇಲೆ ಕೂತಿದ್ದಳು, ಎದ್ದಾಗ ಸೀರೆಗೆ ಧೂಳು ಹತ್ತಿತ್ತು. ನೀರು ಇಳಿಯುವ ಕಾಲವಾಗಿದ್ದರೆ ಅಲ್ಲಿ ಕೆಸರಿರುತ್ತಿತ್ತು.

"ಕೆರೆ ತುಂಬಿದ ಮೇಲಿನ ದಿನಗಳನ್ನೆಲ್ಲ ಮುಚ್ಚರಿ," ಎಂದಳು. "ಏರುವ ದಿನಗಳಷ್ಟೇ ಇರಲಿ. ಅದರಾಗ ಹನ್ನೆರಡು ಒಂದೇ ಸಲ ಬರ್ತೈತಿ."

ಗುಮಾಸ್ತ ನಕ್ಷೆಯ ಅರ್ಧವನ್ನು ರಟ್ಟಿನಿಂದ ಮುಚ್ಚಿದ. ಬಾಗಿಲು ತೆರೆಯಿತು.

ಮೆಟ್ಟಿಲ ಮೇಲೆ ಅವ್ವ, ಅವಳ ತೊಡೆಗೆ ಒರಗಿ ನಿದ್ದೆಹೋದ ಪುಟ್ಟ ಹುಲಿಗೆವ್ವ.

"ಯಾರವ್ವಾ ನೀನು?"

"ಕೆಲಸ ಕಲೀಲಿಕ್ಕೆ ಬಂದೀನಿ," ಎಂದು ಹುಲಿಗೆವ್ವ ಸೆರಗು ಸಿಕ್ಕಿಸಿ ಬಣ್ಣದ ಹಂಡೆಯ ಪಕ್ಕ ಕೂತಳು.