ತೆಪ್ಪದವರು: 1

ಮೂರನೆಯ ಕಡ್ಡಿ ಹೊತ್ತಿಕೊಳ್ಳುವಷ್ಟರಲ್ಲಿ ಅತ್ತೆಯ ಅಂಗೈ ಅದರ ಮೇಲೆ ಬಿತ್ತು. ಬೆಂಕಿ ಚರ್ಮಕ್ಕೇ ಒತ್ತಿಕೊಂಡು ಆರಿತು. ಮುದುಕಿ ಮುಖ ಕಿವುಚಲೂ ಇಲ್ಲ.

"ಸುಡೋಕೆ ಬಂದೆಯಾ?"

"ಮತ್ತೇನು, ಮುದ್ದು ಮಾಡೋಕಾ?"

ಬೆಂಕಿಪೊಟ್ಟಣ ಅತ್ತೆಯ ಸೊಂಟ ಸೇರಿತು. ಹುಡುಗಿ ಅವಳ ತಮ್ಮನ ಮಗಳು. ಬೆಳಗಿನ ಬಸ್ಸಿಗೆ ಬಂದವಳು ನೇರ ಹೊಳೆದಂಡೆಯ ಈ ಕೊಟ್ಟಿಗೆಗೆ ನುಗ್ಗಿದ್ದಳು. ನಡುವೆ ಹೊಸ ತೆಪ್ಪ. ಮೊಳೆಯಿಲ್ಲ, ತಂತಿಯಿಲ್ಲ. ದಿಮ್ಮಿಗಳು, ಅವುಗಳನ್ನು ಬಿಗಿದ ನಾರಿನ ಹಗ್ಗ, ಎಣಿಸಲಾರದಷ್ಟು ಗಂಟು. ನಿನ್ನೆ ಹತ್ತು ಜನ ಮೇಲೆ ಹತ್ತಿ ಕುಣಿದರೂ ಒಂದು ಗಂಟೂ ಮಿಸುಕಿರಲಿಲ್ಲ.

"ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಅಂದ ಜನ ಇವರು. ಇವರಿಗೆ ತೆಪ್ಪ ಕಟ್ಟಿಕೊಡ್ತೀಯಲ್ಲ ಅತ್ತೆ!"

"ಇನ್ನೂ ದಾಟಿಲ್ಲವಲ್ಲ."

ಹತ್ತು ಹನ್ನೆರಡು ವರ್ಷದ ಹಿಂದೆ ಹೊಳೆ ಉಕ್ಕಿ ಹರಿಯುವಾಗ ಪೇಟೆಯವರು ತೆಪ್ಪದವರನ್ನು ಅವರವರ ತೆಪ್ಪಗಳ ಮೇಲೆಯೇ ಹತ್ತಿಸಿ, ದಡಕ್ಕೆ ಕಟ್ಟಿದ್ದ ಹಗ್ಗ ಕಡಿದಿದ್ದರು. ಕೆಳಗೆ ಬಂಡೆಗಳಿದ್ದವು. ಗುಡ್ಡದವರು ಬಾಗಿಲು ಹಾಕಿಕೊಂಡರು. ಊರಿನ ಮೂರನೇ ಒಂದು ಪಾಲು ಒಂದೇ ಮಧ್ಯಾಹ್ನಕ್ಕೆ ಖಾಲಿ. ಅತ್ತೆಯ ಗಂಡ, ಇಬ್ಬರು ಮಕ್ಕಳು, ತಮ್ಮ, ಯಾರ ಹೆಣವೂ ಸಿಗಲಿಲ್ಲ. ಈಜಿ ಬದುಕಿದವರು, ಹುಡುಗಿಯೂ ಸೇರಿ, ದೂರದೂರುಗಳ ಪಾಲಾದರು. ಅತ್ತೆ ಮಾತ್ರ ಇಲ್ಲೇ ಉಳಿದಳು. ಆ ಹೊತ್ತಿಗೆ ಅವಳು ಪೇಟೆಯ ಪಂಚಾಯತಿ ಅಧ್ಯಕ್ಷರ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮರುದಿನವೂ ಒಗೆದಳು.

ಈಗ ಸರ್ಕಾರ, ಎಲ್ಲ ಜನರೂ ಕೂಡಿ ಬಾಳುವ ಊರಿಗೆ ಸೇತುವೆ ಕೊಡುತ್ತದಂತೆ. ನಾಳೆ ಅಧಿಕಾರಿಗಳು ನೋಡಲು ಬರುತ್ತಾರೆ, ಅವರ ಮುಂದೆ ಹೊಸ ತೆಪ್ಪ ಹೊಳೆಗಿಳಿಯಬೇಕು. ಹಾಗಾಗಿ ಊರಿಗೆ ತೆಪ್ಪದವರು ಬೇಕಾಗಿದ್ದರು. ಒಬ್ಬಳಿದ್ದಳು.

ಹುಡುಗಿ ಹೊರಗೆ ನೋಡಿದಳು. ಅವಳು ಚಿಕ್ಕವಳಿದ್ದಾಗ ಈ ಅಂಗಳದ ತುಂಬ ಕಲ್ಲಿನ ತೊಟ್ಟಿಗಳು. ಅವುಗಳಲ್ಲಿ ನೆನೆದ ನಾರಿನ ಕೊಳೆತ ವಾಸನೆ. ಪೇಟೆಯ ಮಕ್ಕಳು ಮೂಗು ಮುಚ್ಚಿಕೊಂಡು 'ನಾತದವರು' ಎಂದು ರೇಗಿಸುತ್ತಿದ್ದರು. ಅತ್ತೆ ಅವಳಿಗೆ ಹೊಡೆದದ್ದು ಒಮ್ಮೆ ಮಾತ್ರ, ಇದೇ ತೊಟ್ಟಿಯ ಪಕ್ಕ, ಆಟದ ತೆಪ್ಪವೊಂದರ ವಿಷಯಕ್ಕೆ. ಈಗ ತೊಟ್ಟಿಗಳಲ್ಲಿ ಅಧ್ಯಕ್ಷರು ಹೂಗಿಡ ನೆಡಿಸಿದ್ದರು. ಅತಿಥಿಗಳ ಮೂಗು ನೋಯದಿರಲೆಂದು ಅತ್ತೆ ತನ್ನವರ ನಾತವನ್ನೂ ಬಿಟ್ಟುಕೊಟ್ಟಳೆ?

ಬಾಗಿಲ ಬಳಿ ಪೇಂಟರ್ ಎರಡು ಸಲ ಸೀನಿದ. "ಏನಜ್ಜಿ ಇದು, ಹಗ್ಗಾನೋ ಧೂಳಿನ ಮೂಟೆನೋ?"

ಅವನ ಮುಂದೆ ಊರಬಾಗಿಲಿಗೆ ಹಾಕುವ ಬೋರ್ಡು. ಪೇಟೆಯವರು ಆರು ಸಾವಿರ ಚಿಲ್ಲರೆ. ಗುಡ್ಡದವರು ಎರಡು ಸಾವಿರಕ್ಕೆ ತುಸು ಕಡಿಮೆ. ಕೆಳಗೆ, ತೆಪ್ಪದವರು: 1. ಅವನು ಕುಂಚವನ್ನು ನೀರಿಗೆ ಅದ್ದಿ ಕೊಡವಹೊರಟ.

"ಏಯ್! ಹಗ್ಗದ ಮೇಲೆ ಹನಿ ಬಿದ್ದೀತು, ಆಚೆ ಹೋಗಿ ಕೊಡವು. ಕಲೆಯಾಗುತ್ತೆ."

"ಸರಿ ಮಾರಾಯ್ತಿ. ಈ ಹುಡುಗಿ ನಿಮ್ಮವಳಾ? ಒಂದನ್ನ ಎರಡು ಮಾಡ್ಲಾ?"

"ಬೇಡ. ಅವಳು ನಾಳೆ ಹೊರಡ್ತಾಳೆ. ಸ್ವಲ್ಪ ಬಣ್ಣ ಉಳಿಸ್ಕೋ, ನಾಳೆ ಬೇಕಾಗುತ್ತೆ."

ಪೇಂಟರ್ ನಾಲಿಗೆ ಕಚ್ಚಿಕೊಂಡ. "ಬಿಡ್ತು ಅನ್ನು. ಒಂದನ್ನ ಸೊನ್ನೆ ಮಾಡೋ ಪಾಪ ನನಗೆ ಬೇಡ. ನೀನು ಕಲ್ಲುಗುಂಡಿನ ಹಾಗಿದೀಯ."

ಸಂಜೆಗೆ ಮುಂಚೆ ಅಧ್ಯಕ್ಷರು ಬಂದರು. ಚಪ್ಪಲಿ ಹೊರಗೇ ಬಿಟ್ಟರು. ತೆಪ್ಪವನ್ನು ಸವರಿ ಹೇಳಿದರು, "ನಮಗ್ಯಾರಿಗೂ ಈಜು ಬರಲ್ಲ ಅಜ್ಜಿ. ನಿನ್ನ ಗಂಟನ್ನೇ ನಂಬಿದೀವಿ."

"ಮಾತು ಮರೆತಿಲ್ಲ ತಾನೆ ಅಧ್ಯಕ್ಷರೇ? ತೆಪ್ಪ ಮೊದಲು ನೀರಿಗಿಳಿಯೋದೇ ನಾಳೆ. ಅವತ್ತು ಕತ್ತಿ ಹಿಡಿದಿದ್ದವರು ಮಾತ್ರ ಹತ್ತಬೇಕು. ಹೆಂಗಸರು, ಮಕ್ಕಳು, ಗುಡ್ಡದವರು, ಯಾರೂ ಬೇಡ."

"ನನ್ನ ತಮ್ಮಂದಿರಿಗೂ ಹೇಳಿದೀನಿ." ಅಧ್ಯಕ್ಷರು ಕೈ ಮುಗಿದರು. "ನಮ್ಮ ಪಾಪ ತೊಳೆಯೋ ಮನಸ್ಸು ಮಾಡಿದೆಯಲ್ಲ, ದೊಡ್ಡವಳು ನೀನು."

"ಒಗೆಯೋದೇ ನನ್ನ ಕೆಲಸ ಅಲ್ವಾ."

ಅವರು ಹೋದ ಮೇಲೆ ಹುಡುಗಿ ನೆಲಕ್ಕೆ ಉಗಿದಳು. "ಕ್ಷಮಿಸಿಬಿಟ್ಟೆ! ನಮ್ಮಪ್ಪ ನಿನ್ನ ಬೆನ್ನಿಗೆ ಹುಟ್ಟಿದವನು ಅನ್ನೋಕೆ ನಾಚಿಕೆ ಆಗುತ್ತೆ."

ಅತ್ತೆ ಗಂಟೊಂದನ್ನು ಇನ್ನಷ್ಟು ಬಿಗಿದಳು. ನಾರಿನಿಂದ ಬಿಳಿ ಪುಡಿ ಉದುರಿತು. "ಉಗಿದು ಆಯ್ತಾ? ಊಟ ಮಾಡು. ಬೆಳಿಗ್ಗೆ ದಡದಲ್ಲಿ ನನ್ನ ಪಕ್ಕ ನಿಂತಿರು."

ಬೆಳಿಗ್ಗೆ ಹೊಳೆ ಮೈದುಂಬಿತ್ತು. ಗುಡ್ಡದವರು ಮೇಲಿನ ಮೆಟ್ಟಿಲುಗಳಲ್ಲಿ, ಪೇಟೆಯ ಹೆಂಗಸರು ಮಕ್ಕಳು ಕೆಳಗಿನವುಗಳಲ್ಲಿ. ಬೋರ್ಡಿನ ಪಕ್ಕ ಪೇಂಟರ್, ಕೈಯಲ್ಲಿ ಅರ್ಧ ಡಬ್ಬಿ ಬಣ್ಣ. ಹತ್ತು ಜನ ತೆಪ್ಪವನ್ನು ನೀರಿಗೆ ದೂಡಿದರು. ಇಸ್ತ್ರಿ ಬಟ್ಟೆಯ ಗಂಡಸರು ಒಬ್ಬೊಬ್ಬರಾಗಿ ಹತ್ತಿದರು. ಹಿರಿಯರೆಲ್ಲ ಇದ್ದರು. ಹುಡುಗಿ ಪ್ರತಿ ಮುಖವನ್ನೂ ಗುರುತಿಸಿದಳು.

ಅಧ್ಯಕ್ಷರು ತೆಪ್ಪದ ಮೇಲೆ ಮುಂದುಗಡೆ ಹಾಕಿದ್ದ ಕುರ್ಚಿಯಿಂದೆದ್ದು ಕೈ ಚಾಚಿದರು.

"ಬಾ ಅಜ್ಜಿ, ಈ ಜಾಗ ನಿಂದು. ತೆಪ್ಪದವರೇ ಇಲ್ಲದ ತೆಪ್ಪ ಫೋಟೋದಲ್ಲಿ ಚೆನ್ನಾಗಿರುತ್ತಾ?"

ಅಲೆಯೊಂದು ದಿಮ್ಮಿಗಳ ಮೇಲೆ ಹಾದುಹೋಯಿತು. ಬೆಳ್ಳಗಿದ್ದ ಹಗ್ಗ ಕಪ್ಪಾಗತೊಡಗಿತು. ಅದನ್ನೇ ನೋಡುತ್ತಿದ್ದ ಹುಡುಗಿಯ ಕೆನ್ನೆ ಚುರ್ ಎಂದಿತು. ಅಂದಿನ ಹೊಡೆತ, ಹೊಡೆತದ ಹಿಂದೆಯೇ ಬಂದ ಮಾತು: 'ನೆನೆಸದೆ ಕಟ್ಟಿದೆಯಾ? ಒಣ ನಾರು ದಡದಲ್ಲಿ ಕಬ್ಬಿಣ ಕಣೇ, ಹೊಳೆಯಲ್ಲಿ ಬಿಚ್ಚಿದ ಕೂದಲು.'

ಅತ್ತೆ ಅವಳ ಮಣಿಕಟ್ಟು ಹಿಡಿದು ಒಂದು ಮೆಟ್ಟಿಲು ಹಿಂದೆ ಸರಿದಳು.

"ನಾನು ಹತ್ತಲ್ಲ."